ಒಬ್ಬ ನರ್ಸ್, ಎಂಟು ರೋಗಿಗಳು

1980ರ ಆಸುಪಾಸಿನಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ದೊಡ್ಡ ತಲೆನೋವು ಒಂದಿತ್ತು: ನರ್ಸ್‌ಗಳು ನಿಲ್ಲುತ್ತಿರಲಿಲ್ಲ. ಸೇರುತ್ತಾರೆ, ಕೆಲಸದಲ್ಲಿ ಕೈ ಪಳಗುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ. ಜಾಹೀರಾತು ಕೊಟ್ಟು ಇನ್ನೊಬ್ಬರನ್ನು ತಂದರೆ ಅವರದೂ ಅದೇ ಕತೆ. ಯಾಕೆ ಹೋಗುತ್ತಾರೆ ಎಂದು ವಿಚಾರಿಸಲು ಸಮಿತಿಗಳು ಕೂತವು, ವರದಿಗಳು ಬಂದವು. ಸಂಬಳ ಸಾಲದು, ರಾತ್ರಿ ಪಾಳಿ ಕಷ್ಟ, ಮದುವೆಯಾಯಿತು, ಮಗುವಾಯಿತು ಎಂಬ ಎಲ್ಲರಿಗೂ ಗೊತ್ತಿದ್ದ ಕಾರಣಗಳೇ ಅವುಗಳಲ್ಲಿ ತುಂಬಿದ್ದವು. ಬಿಟ್ಟು ಹೋಗದೆ ಉಳಿದವರ ಕೆಲಸದಲ್ಲಿ ಕುಂದು ಕಂಡರೆ ವಿವರಣೆ ಇನ್ನೂ ಸುಲಭ. ಈಕೆಗೆ ಸೇವಾಭಾವ ಇಲ್ಲ, ಆಕೆಗೆ ತಾಳ್ಮೆ ಇಲ್ಲ, ಅಷ್ಟೇ.

1981ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ನರ್ಸಿಂಗ್ ಎಂಬ ಸಂಸ್ಥೆ ನಾಲ್ವರು ಮಹಿಳೆಯರ ತಂಡವೊಂದನ್ನು ನೇಮಿಸಿತು. ಮಾರ್ಗರೆಟ್ ಮೆಕ್ಲೂರ್, ಮ್ಯೂರಿಯಲ್ ಪೌಲಿನ್, ಮಾರ್ಗರೆಟ್ ಸೋವಿ, ಮೇಬಲ್ ವಾಂಡೆಲ್ಟ್, ನಾಲ್ವರೂ ನರ್ಸಿಂಗ್ ಬಲ್ಲವರೇ. ಅವರು ಪ್ರಶ್ನೆಯನ್ನೇ ತಿರುವಿ ಹಾಕಿದರು. ನರ್ಸ್‌ಗಳಿಗಾಗಿ ದೇಶವೆಲ್ಲ ಪರದಾಡುತ್ತಿರುವಾಗಲೂ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಜಾಗ ಖಾಲಿ ಬೀಳುತ್ತಿಲ್ಲ, ಸೇರಿದವರು ಕದಲುತ್ತಿಲ್ಲ. ಅಲ್ಲಿ ಏನು ನಡೆದಿದೆ?

ಅಕಾಡೆಮಿಯ ಸದಸ್ಯರು ತಂತಮ್ಮ ಪ್ರಾಂತ್ಯದಿಂದ ಅಂಥ 160ಕ್ಕೂ ಹೆಚ್ಚು ಆಸ್ಪತ್ರೆಗಳನ್ನು ಹೆಸರಿಸಿದರು. ಸೋಸಿ ಸೋಸಿ ಕೊನೆಗೆ 41 ಉಳಿದವು. ತಂಡ ಆ ಆಸ್ಪತ್ರೆಗಳ ನರ್ಸಿಂಗ್ ಮುಖ್ಯಸ್ಥರನ್ನು ಒಂದು ಕಡೆ, ವಾರ್ಡಿನಲ್ಲಿ ದುಡಿಯುವ ನರ್ಸ್‌ಗಳನ್ನು ಇನ್ನೊಂದು ಕಡೆ ಕೂರಿಸಿ ಮಾತಾಡಿಸಿತು. ಮೇಲಿನವರು ಎದುರಿಗಿದ್ದರೆ ಕೆಳಗಿನವರು ಬಾಯಿ ಬಿಡುವುದಿಲ್ಲ ಎಂಬುದು ಈ ನಾಲ್ವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. 1983ರಲ್ಲಿ ವರದಿ ಪುಸ್ತಕವಾಗಿ ಬಂತು. ನರ್ಸ್‌ಗಳನ್ನು ಎಳೆದು ಹಿಡಿದಿಟ್ಟುಕೊಳ್ಳುವ ಆ ಆಸ್ಪತ್ರೆಗಳಿಗೆ 'ಮ್ಯಾಗ್ನೆಟ್ ಆಸ್ಪತ್ರೆಗಳು' ಎಂದು ಹೆಸರಾಯಿತು.

ವರದಿಯಲ್ಲಿ ಚಮತ್ಕಾರವೇನೂ ಇರಲಿಲ್ಲ. ಪಾಳಿಗೆ ಸಾಕಷ್ಟು ಜನ ಇರುತ್ತಿದ್ದರು. ವಾರ್ಡಿನ ತೀರ್ಮಾನ ವಾರ್ಡಿನಲ್ಲೇ ಆಗುತ್ತಿತ್ತು. ನರ್ಸಿಂಗ್ ಮುಖ್ಯಸ್ಥೆಗೆ ಆಸ್ಪತ್ರೆಯ ಆಡಳಿತದ ಮೇಜಿನಲ್ಲಿ ಒಂದು ಕುರ್ಚಿ ಇತ್ತು. ಡಾಕ್ಟರು ನರ್ಸ್ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಪಾಳಿ ಹಾಕುವಾಗ ಅವರ ಮನೆಯ ಕಡೆಯ ತಾಪತ್ರಯವನ್ನೂ ನೋಡುತ್ತಿದ್ದರು. ಓದಿದರೆ, ಇದಕ್ಕೊಂದು ಅಧ್ಯಯನ ಬೇಕಿತ್ತೇ ಎನ್ನಿಸುತ್ತದೆ. ಆದರೆ ನರ್ಸ್ ಸುಖವಾಗಿದ್ದರೆ ಆಸ್ಪತ್ರೆಗೇನು ಲಾಭ ಎಂದು ಯಜಮಾನರು ಕೇಳಿದರೆ ಕೊಡಲು ಉತ್ತರವಿರಲಿಲ್ಲ. ನರ್ಸ್‌ಗಳಿಗೆ ಒಳ್ಳೆಯದಾದ ಆಸ್ಪತ್ರೆ ರೋಗಿಗಳಿಗೂ ಒಳ್ಳೆಯದೇ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ.

ಆ ಲೆಕ್ಕಕ್ಕೆ ಕೈ ಹಾಕಿದವರು ಲಿಂಡಾ ಐಕನ್. ನರ್ಸ್ ತರಬೇತಿ ಪಡೆದು, ಆಮೇಲೆ ಸಮಾಜಶಾಸ್ತ್ರ ಓದಿ, ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು. 1994ರಲ್ಲಿ ಅವರ ತಂಡ 39 ಮ್ಯಾಗ್ನೆಟ್ ಆಸ್ಪತ್ರೆಗಳನ್ನು ಆರಿಸಿ, ಗಾತ್ರ, ಸೌಕರ್ಯ, ಬರುವ ರೋಗಿಗಳ ಸ್ವರೂಪ ಎಲ್ಲದರಲ್ಲೂ ಅವಕ್ಕೆ ಹೋಲುವ 195 ಬೇರೆ ಆಸ್ಪತ್ರೆಗಳ ಪಕ್ಕದಲ್ಲಿಟ್ಟು, ವಯಸ್ಸಾದ ರೋಗಿಗಳ ಸಾವಿನ ಪ್ರಮಾಣ ಹೋಲಿಸಿತು. ಮ್ಯಾಗ್ನೆಟ್ ಆಸ್ಪತ್ರೆಗಳಲ್ಲಿ ಸಾವು ಶೇ 4.6ರಷ್ಟು ಕಡಿಮೆ ಇತ್ತು. ಹತ್ತು ವರ್ಷ ಹಿಂದೆ ಆ ಆಸ್ಪತ್ರೆಗಳನ್ನು ಆರಿಸುವಾಗ ಸಾವಿನ ಅಂಕಿಯನ್ನು ಯಾರೂ ನೋಡಿರಲಿಲ್ಲ ಎಂಬುದನ್ನು ಮರೆಯಬಾರದು. ಆಗ ಕೇಳಿದ್ದು ನರ್ಸ್‌ಗಳು ಎಲ್ಲಿ ನಿಲ್ಲುತ್ತಾರೆ ಎಂದು ಮಾತ್ರ.

ಹೀಗೆ ಸತ್ತವರನ್ನು ಎಣಿಸಿ ಕಾರಣ ಹುಡುಕುವುದು ನರ್ಸಿಂಗ್‌ಗೆ ಹೊಸತೇನೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮ್ಮ ಶಾಲೆಯ ಪಾಠಗಳಲ್ಲಿ ದೀಪ ಹಿಡಿದು ನಡೆಯುವ ಕರುಣಾಮಯಿಯ ಚಿತ್ರ ಬರುತ್ತದೆ. ಆಕೆ ಅಂಕಿ ಅಂಶಗಳ ಹುಚ್ಚು ಹಿಡಿದ ಹೆಂಗಸು ಎಂಬುದನ್ನು ಆ ಪಾಠ ಹೇಳುವುದಿಲ್ಲ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1855ರ ಫೆಬ್ರವರಿಯಲ್ಲಿ, ಸ್ಕುಟಾರಿಯ ಆಸ್ಪತ್ರೆಯಲ್ಲಿ ನೂರಕ್ಕೆ 42 ಸೈನಿಕರು ಸಾಯುತ್ತಿದ್ದರು. ಜೂನ್ ಹೊತ್ತಿಗೆ ಅದು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ನಡುವೆ ಬಂದದ್ದು ನೈರ್ಮಲ್ಯ ಆಯೋಗ. ಅದು ಕಟ್ಟಿಕೊಂಡಿದ್ದ ಚರಂಡಿ ಬಿಡಿಸಿತು, ಗಾಳಿಯಾಡುವಂತೆ ಮಾಡಿತು. ನರ್ಸ್‌ಗಳ ಆರೈಕೆ ಫೆಬ್ರವರಿಯಲ್ಲೂ ಇತ್ತು, ಜೂನ್‌ನಲ್ಲೂ ಇತ್ತು. ಲಂಡನ್‌ಗೆ ಮರಳಿದ ಮೇಲೆ ಕೂತು ಅಂಕಿ ಕೂಡಿಸಿದಾಗ ನೈಟಿಂಗೇಲ್‌ಗೆ ಇದು ಸ್ಪಷ್ಟವಾಯಿತು. ದೀಪದ ಚಿತ್ರ ನೂರೈವತ್ತು ವರ್ಷಕ್ಕೂ ಹೆಚ್ಚು ಬಾಳಿತು, ಲೆಕ್ಕದ ಪುಸ್ತಕ ಮೂಲೆ ಸೇರಿತು.

ಐಕನ್ ತಂಡಕ್ಕೆ ಇನ್ನೊಂದು ಸಲಕರಣೆ ಅದೇ ವಿಶ್ವವಿದ್ಯಾಲಯದ ವೈದ್ಯ ಜೆಫ್ರಿ ಸಿಲ್ಬರ್ ಅವರಿಂದ ಸಿಕ್ಕಿತು. ಆಸ್ಪತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ಸಾವುಗಳನ್ನು ಎಣಿಸಿದರೆ ಸಾಲದು, ಏಕೆಂದರೆ ಒಂದು ಆಸ್ಪತ್ರೆಗೆ ಮೊದಲೇ ಕಂಗೆಟ್ಟ ರೋಗಿಗಳೇ ಹೆಚ್ಚು ಬರುತ್ತಿರಬಹುದು. ಪಿತ್ತಕೋಶ ಮತ್ತು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು ಆರು ಸಾವಿರ ವೃದ್ಧರ ದಾಖಲೆ ಹಿಡಿದು ಸಿಲ್ಬರ್ 1992ರಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿದರು. ಆಪರೇಷನ್ ಆದ ಮೇಲೆ ಯಾರಿಗೆ ತೊಡಕಾಗುತ್ತದೆ ಎಂಬುದು ಬಹುಪಾಲು ರೋಗಿಯ ಮೈಸ್ಥಿತಿಗೆ ಬಿಟ್ಟಿದ್ದು. ತೊಡಕಾದವರಲ್ಲಿ ಯಾರು ಉಳಿಯುತ್ತಾರೆ ಎಂಬುದು ಹೆಚ್ಚಾಗಿ ಆಸ್ಪತ್ರೆಗೆ ಬಿಟ್ಟಿದ್ದು. ಹಾಗಾಗಿ ತೊಡಕಾದವರಲ್ಲಿ ಎಷ್ಟು ಮಂದಿಯನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಎಣಿಸಿ ಎಂದರು ಅವರು.

ಇದು ನರ್ಸ್‌ಗೆ ಎಷ್ಟು ಹತ್ತಿರದ ವಿಷಯ ಎಂದು ತಿಳಿಯಲು ಒಂದು ರಾತ್ರಿ ವಾರ್ಡಿನಲ್ಲಿ ನಿಲ್ಲಬೇಕು. ಮಧ್ಯಾಹ್ನ ಹೊಟ್ಟೆಯ ಆಪರೇಷನ್ ಆದ ಒಬ್ಬರು ಮಲಗಿದ್ದಾರೆ ಎಂದುಕೊಳ್ಳಿ. ಒಳಗೆಲ್ಲೋ ಒಂದು ರಕ್ತನಾಳ ಸಣ್ಣಗೆ ಒಸರುತ್ತಿದೆ. ಹೊರಗೆ ಬ್ಯಾಂಡೇಜ್ ಒಣಗಿಯೇ ಇದೆ. ಒಂಬತ್ತು ಗಂಟೆಗೆ 84 ಇದ್ದ ನಾಡಿ ಹತ್ತೂವರೆಗೆ 98. ಬಿಪಿ ಸರಿಯಾಗಿಯೇ ಇದೆ, ಏಕೆಂದರೆ ರಕ್ತ ಕಡಿಮೆಯಾದಾಗ ದೇಹ ನಾಳಗಳನ್ನು ಬಿಗಿ ಮಾಡಿ, ಹೃದಯವನ್ನು ಓಡಿಸಿ ಒತ್ತಡವನ್ನು ಬಹಳ ಹೊತ್ತು ಕಾಪಾಡಿಕೊಳ್ಳುತ್ತದೆ. ಮೂತ್ರದ ಚೀಲದಲ್ಲಿ ಕಳೆದ ಎರಡು ತಾಸಿನಿಂದ ಗೆರೆ ಅಷ್ಟಾಗಿ ಏರಿಲ್ಲ. ಕಾಲು ಮುಟ್ಟಿದರೆ ತಣ್ಣಗಿದೆ. ರೋಗಿ ಹೊರಳುತ್ತಿದ್ದಾರೆ, ನೀರು ಕೇಳುತ್ತಿದ್ದಾರೆ, "ಏನೋ ಒಂಥರಾ ಆಗ್ತಿದೆ ಸಿಸ್ಟರ್" ಎನ್ನುತ್ತಿದ್ದಾರೆ. ಇದರಲ್ಲಿ ಒಂದೊಂದನ್ನೇ ತೆಗೆದುಕೊಂಡರೆ ಕೇಸ್ ಶೀಟ್‌ನಲ್ಲಿ ಬರೆಯುವಂಥದ್ದೇನೂ ಇಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿದ ಅನುಭವಿ ಕಣ್ಣಿಗೆ ಮಾತ್ರ ಏನೋ ಎಡವಟ್ಟಾಗಿದೆ ಎಂದು ಹೊಳೆಯುತ್ತದೆ. ಆಕೆ ಡ್ಯೂಟಿ ಡಾಕ್ಟರನ್ನು ಎಬ್ಬಿಸುತ್ತಾಳೆ. ಬಿಪಿ ಕುಸಿದ ಮೇಲೆ ಗಮನಿಸಿದರೆ ತಡವಾಗಿರುತ್ತದೆ.

ಕೈಯಲ್ಲಿ ನಾಲ್ವರು ರೋಗಿಗಳಿದ್ದರೆ ಆಕೆ ಆ ಮಂಚದ ಬಳಿ ಅರ್ಧ ಗಂಟೆಗೊಮ್ಮೆ ಬರಬಲ್ಲಳು, ಹಿಂದಿನ ಸಲದ ನಾಡಿ ನೆನಪಿನಲ್ಲೇ ಇರುತ್ತದೆ. ಎಂಟು ಜನರಿದ್ದರೆ? ಒಬ್ಬರಿಗೆ ಇಂಜೆಕ್ಷನ್, ಒಬ್ಬರಿಗೆ ಬೆಡ್‌ಪ್ಯಾನ್, ತುರ್ತು ವಿಭಾಗದಿಂದ ಮೇಲೆ ಬಂದ ಹೊಸಬರ ದಾಖಲಾತಿ, ಔಷಧಿ ಅಂಗಡಿಗೆ ಫೋನು. ಒಂಬತ್ತಕ್ಕೆ ನೋಡಿದವಳು ಮತ್ತೆ ಆ ಮಂಚಕ್ಕೆ ಬರುವಾಗ ಹನ್ನೆರಡು. ಅವಳ ಸೇವಾಭಾವ ಎಷ್ಟೇ ಇರಲಿ, ಗಡಿಯಾರ ಅದಕ್ಕೆ ಕಾಯುವುದಿಲ್ಲ.

ಇದನ್ನು ಹೇಳಬಲ್ಲವರು ವಾರ್ಡಿನಲ್ಲಿ ಸಾವಿರಾರು ಜನ ಇದ್ದರು. ಅಂಕಿಯಲ್ಲಿ ತೋರಿಸಬೇಕಿತ್ತು. ಐಕನ್ ತಂಡ ಪೆನ್ಸಿಲ್ವೇನಿಯಾ ರಾಜ್ಯದ ನರ್ಸ್‌ಗಳ ಲೈಸೆನ್ಸ್ ಪಟ್ಟಿ ತರಿಸಿ, ಅದರಲ್ಲಿ ಅರ್ಧದಷ್ಟು ಜನರನ್ನು ಚೀಟಿ ಎತ್ತಿದಂತೆ ಆರಿಸಿ, ಮನೆ ವಿಳಾಸಕ್ಕೆ ಪ್ರಶ್ನಾವಳಿ ಅಂಚೆಯಲ್ಲಿ ಕಳಿಸಿತು. ಇದು ಜಾಣ ನಡೆ. ಆಸ್ಪತ್ರೆಯ ಮೂಲಕ ಕೇಳಿದ್ದರೆ ಆಸ್ಪತ್ರೆಗೆ ಬೇಕಾದ ಉತ್ತರವೇ ಬರುತ್ತಿತ್ತು. ಕಳೆದ ಪಾಳಿಯಲ್ಲಿ ನಿಮ್ಮ ಪಾಲಿಗೆ ಎಷ್ಟು ರೋಗಿಗಳಿದ್ದರು ಎಂಬುದು ಅದರಲ್ಲಿದ್ದ ಮುಖ್ಯ ಪ್ರಶ್ನೆ. 168 ಆಸ್ಪತ್ರೆಗಳ 10,184 ನರ್ಸ್‌ಗಳ ಉತ್ತರಗಳು ಲೆಕ್ಕಕ್ಕೆ ಸಿಕ್ಕವು. ಇನ್ನೊಂದು ಕಡೆಯಿಂದ, 1998 ಮತ್ತು 1999ರಲ್ಲಿ ಅವೇ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆ. ಅವರಲ್ಲಿ 53,813 ಮಂದಿಗೆ ಸೇರುವಾಗ ಇಲ್ಲದ ದೊಡ್ಡ ತೊಡಕು ಆಮೇಲೆ ಕಾಣಿಸಿಕೊಂಡಿತ್ತು. 4,535 ಮಂದಿ 30 ದಿನದೊಳಗೆ ತೀರಿಕೊಂಡಿದ್ದರು.

ಎರಡನ್ನೂ ಜೋಡಿಸಿ, ರೋಗಿಗಳ ವಯಸ್ಸು, ಕಾಯಿಲೆ, ಆಸ್ಪತ್ರೆಯ ಗಾತ್ರ, ಸಲಕರಣೆ ಎಲ್ಲವನ್ನೂ ಸರಿದೂಗಿಸಿ ನೋಡಿದಾಗ ಬಂದ ಫಲಿತಾಂಶ 2002ರ ಅಕ್ಟೋಬರ್‌ನಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗಿನ ಸಾವಿನ ಸಂಭವ ಶೇ 7 ಏರುತ್ತದೆ. ನಾಲ್ವರಿಂದ ಎಂಟಕ್ಕೆ ಹೋದರೆ ಶೇ 31. ಲೆಕ್ಕ ಬಿಡಿಸಿ ಹೇಳುವುದಾದರೆ, ಸಾವಿರ ಆಪರೇಷನ್‌ಗೆ ಐದು ಸಾವು ಹೆಚ್ಚು. ತೊಡಕಾದವರನ್ನಷ್ಟೇ ತೆಗೆದುಕೊಂಡರೆ ಸಾವಿರಕ್ಕೆ ಹದಿನೆಂಟು. ಅದೇ ಒಬ್ಬ ರೋಗಿ ಹೆಚ್ಚಾದರೆ ನರ್ಸ್ ಸುಸ್ತಾಗಿ ಮನಸ್ಸು ಸೋತುಹೋಗುವ ಸಂಭವವೂ ಶೇ 23 ಏರುತ್ತದೆ. ಕೆಲಸ ಬಿಡುವವರು ಮತ್ತು ಕೆಲಸ ಕೆಡುವುದು ಎಂಬ, 1980ರಲ್ಲಿ ಬೇರೆ ಬೇರೆ ಎನಿಸಿದ್ದ ಎರಡು ತಲೆನೋವುಗಳ ಬೇರು ಒಂದೇ ಎಂದು ಇಲ್ಲಿ ಗೊತ್ತಾಯಿತು.

ಮರುವರ್ಷ ಅದೇ ದಾಖಲೆಗಳಿಂದ ಇನ್ನೊಂದು ಎಳೆ ಸಿಕ್ಕಿತು. ಆಸ್ಪತ್ರೆಯ ನರ್ಸ್‌ಗಳಲ್ಲಿ ಪದವಿ ಪಡೆದವರ ಪ್ರಮಾಣ ಶೇ 10 ಹೆಚ್ಚಿದ್ದ ಕಡೆ ಸಾವಿನ ಸಂಭವ ಶೇ 5 ಕಡಿಮೆ. ಎಷ್ಟು ವರ್ಷದ ಸರ್ವಿಸ್ ಆಗಿದೆ ಎಂಬುದಕ್ಕೂ ಸಾವಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಸೀನಿಯಾರಿಟಿಯೇ ಸರ್ವಸ್ವ ಎಂದುಕೊಂಡವರಿಗೆ ಇದು ರುಚಿಸಿರಲಾರದು.

ಆಕ್ಷೇಪಗಳೂ ಬಂದವು, ಬರಬೇಕಾದ್ದೇ. ನರ್ಸ್‌ಗಳನ್ನು ಚೆನ್ನಾಗಿ ಇಟ್ಟುಕೊಳ್ಳುವ ಆಸ್ಪತ್ರೆ ಇನ್ನೂ ಹತ್ತು ವಿಷಯದಲ್ಲಿ ಚೆನ್ನಾಗಿರಬಹುದಲ್ಲ, ಸಾವು ಕಡಿಮೆಯಾಗಿದ್ದು ಅದರಿಂದಲೇ ಇರಬಹುದಲ್ಲ ಎಂದರು ಟೀಕಾಕಾರರು. ಇದಕ್ಕೆ ಜ್ಯಾಕ್ ನೀಡಲ್‌ಮನ್ ಮತ್ತು ಜೊತೆಗಾರರು 2011ರಲ್ಲಿ ಕೊಟ್ಟ ಉತ್ತರ ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಚೊಕ್ಕ ಎನಿಸುತ್ತದೆ. ಅವರು ಆಸ್ಪತ್ರೆಗಳನ್ನು ಹೋಲಿಸುವ ಗೋಜಿಗೇ ಹೋಗಲಿಲ್ಲ. ಒಂದೇ ದೊಡ್ಡ ಆಸ್ಪತ್ರೆ, ಅದರ 43 ವಿಭಾಗಗಳು, ಸುಮಾರು 1,76,000 ಪಾಳಿಗಳು. ಡಾಕ್ಟರು, ಕಟ್ಟಡ, ಯಂತ್ರ, ನಿಯಮ ಎಲ್ಲ ಒಂದೇ. ಆಸ್ಪತ್ರೆ ತಾನೇ ನಿಗದಿ ಮಾಡಿಕೊಂಡ ಸಂಖ್ಯೆಗಿಂತ ನರ್ಸ್‌ಗಳು ಕಡಿಮೆ ಇದ್ದ ಪಾಳಿಗಳಲ್ಲಿ ಒಬ್ಬ ರೋಗಿ ಎಷ್ಟನ್ನು ಕಳೆದ ಎಂದು ನೋಡಿದರು. ಅಂಥ ಪ್ರತಿ ಪಾಳಿಗೂ ಸಾವಿನ ಅಪಾಯ ಶೇ 2 ಏರಿತ್ತು. ಸೇರುವವರು, ಬಿಡುಗಡೆಯಾಗುವವರು, ಬೇರೆ ವಾರ್ಡಿಗೆ ಹೋಗುವವರು ಎಂದು ಗಿಜಿಗುಟ್ಟುವ ಪಾಳಿಗೆ ಶೇ 4. ತಲೆ ಎಣಿಸಿದರೆ ಸಾಲದು, ಒಂದು ಪಾಳಿಯಲ್ಲಿ ಎಷ್ಟು ತಲೆಗಳು ಬಂದು ಹೋದವು ಎಂಬುದನ್ನೂ ನೋಡಬೇಕು ಎಂದು ಎರಡನೆಯ ಅಂಕಿ ಹೇಳುತ್ತದೆ. ಡಿಸ್ಚಾರ್ಜ್ ದಿನ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ನರ್ಸನ್ನು ಕೇಳಿದರೂ ಇದನ್ನು ಹೇಳಿಯಾಳು.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿತ್ತು. 1999ರಲ್ಲಿ ಅಂಕಿತ ಬಿದ್ದ ಆ ಕಾನೂನು 2004ರ ಜನವರಿಯಿಂದ ಜಾರಿಗೆ ಬಂತು. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ ಮೊದಲು ಆರು, ಮರುವರ್ಷದಿಂದ ಐದು ರೋಗಿಗಳು ಮಾತ್ರ. ಹಾಗಾದರೆ ಸಮಸ್ಯೆ ಬಗೆಹರಿಯಿತು, ಜನರನ್ನು ಹೆಚ್ಚಿಸಿದರೆ ಸಾಕು ಎಂದು ಯಾರಿಗಾದರೂ ಅನ್ನಿಸಬಹುದು. 2011ರ ಕೊನೆಗೆ ಐಕನ್ ತಂಡವೇ ಇದಕ್ಕೊಂದು ತಿರುವು ಕೊಟ್ಟಿತು. ನಾಲ್ಕು ರಾಜ್ಯಗಳ 665 ಆಸ್ಪತ್ರೆಗಳನ್ನು ಈ ಸಲ ಕೆಲಸದ ವಾತಾವರಣದ ಮೇಲೆ ವಿಂಗಡಿಸಿದರು. ವಾತಾವರಣವನ್ನು ಅಳೆದ ಪ್ರಶ್ನೆಗಳು 1983ರ ಆ ಪುಸ್ತಕದ ವಂಶದವೇ: ಡಾಕ್ಟರಿಗೂ ನರ್ಸಿಗೂ ಹೊಂದಿಕೆ ಇದೆಯೇ, ಡಾಕ್ಟರ ಜೊತೆ ಜಟಾಪಟಿಯಾದರೂ ಇನ್‌ಚಾರ್ಜ್ ಸಿಸ್ಟರ್ ತಮ್ಮವರ ಪರ ನಿಲ್ಲುತ್ತಾರೆಯೇ, ಇಂಥವು. ವಾತಾವರಣ ಚೆನ್ನಾಗಿದ್ದ ಆಸ್ಪತ್ರೆಗಳಲ್ಲಿ ಪ್ರತಿ ನರ್ಸ್‌ಗೆ ಒಬ್ಬ ರೋಗಿ ಕಡಿಮೆಯಾದರೆ ಸಾವಿನ ಸಂಭವ ಶೇ 9 ಇಳಿಯುತ್ತಿತ್ತು. ಸುಮಾರಾಗಿದ್ದ ಕಡೆ ಶೇ 4. ವಾತಾವರಣ ಕೆಟ್ಟಿದ್ದ ಕಡೆ ಹೆಚ್ಚುಕಡಿಮೆ ಸೊನ್ನೆ.

ಸೊನ್ನೆ ಹೇಗೆ? ಜನ ಇದ್ದೂ ರೋಗಿ ಉಳಿಯದಂತೆ ಮಾಡುವುದು ಯಾವುದು? ಉತ್ತರದ ಒಂದು ಭಾಗ ಬಾಸ್ಟನ್‌ನಲ್ಲಿ ಆಗಲೇ ಸಿಕ್ಕಿತ್ತು, ಅದೂ ಸೋತಂತೆ ಕಂಡ ಒಂದು ಅಧ್ಯಯನದಲ್ಲಿ.

1990ರ ದಶಕದ ಆರಂಭ. ಲೂಷಿಯನ್ ಲೀಪ್, ಡೇವಿಡ್ ಬೇಟ್ಸ್ ಮೊದಲಾದ ವೈದ್ಯರು ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸುತ್ತಿದ್ದರು. ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಏಮಿ ಎಡ್ಮಂಡ್‌ಸನ್‌ಗೆ ಆ ತಂಡದಲ್ಲಿ ಸಣ್ಣ ಕೆಲಸ: ಯಾವ ವಾರ್ಡಿನ ನರ್ಸ್‌ಗಳಲ್ಲಿ ಒಗ್ಗಟ್ಟು ಚೆನ್ನಾಗಿದೆ ಎಂದು ಪ್ರಶ್ನಾವಳಿಯಿಂದ ಅಳೆಯುವುದು. ಎರಡು ಆಸ್ಪತ್ರೆ, ಎಂಟು ವಾರ್ಡು. ಒಗ್ಗಟ್ಟು ಇದ್ದ ಕಡೆ ತಪ್ಪು ಕಡಿಮೆ ಇರುತ್ತದೆ ಎಂಬುದು ನಿರೀಕ್ಷೆ. ಆರು ತಿಂಗಳ ಅಂಕಿ ಕೈಗೆ ಬಂದಾಗ ಎಡ್ಮಂಡ್‌ಸನ್ ದಂಗಾದರು. ಎರಡರ ನಡುವೆ ಗಟ್ಟಿ ನಂಟು ಇತ್ತು, ಆದರೆ ತಲೆಕೆಳಗಾಗಿ. ಒಳ್ಳೆಯ ವಾರ್ಡುಗಳಲ್ಲೇ ತಪ್ಪು ಹೆಚ್ಚು!

ಒಳ್ಳೆಯ ನರ್ಸ್‌ಗಳು ಹೆಚ್ಚು ತಪ್ಪು ಮಾಡುತ್ತಾರೆ ಎಂದು ಬರೆದು ಕೈ ತೊಳೆದುಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ದಾಖಲೆಯಲ್ಲಿರುವುದು ಆದ ತಪ್ಪುಗಳೋ, ಹೊರಗೆ ಬಂದ ತಪ್ಪುಗಳೋ ಎಂಬ ಅನುಮಾನ ಹುಟ್ಟಿತು. ಸಂಶೋಧನಾ ಸಹಾಯಕನೊಬ್ಬನನ್ನು ಗೊತ್ತುಮಾಡಿ ವಾರ್ಡುಗಳಿಗೆ ಕಳಿಸಿದರು. ತಪ್ಪಿನ ಅಂಕಿಯನ್ನಾಗಲಿ, ಪ್ರಶ್ನಾವಳಿಯ ಫಲಿತಾಂಶವನ್ನಾಗಲಿ, ತಮ್ಮ ಅನುಮಾನವನ್ನಾಗಲಿ ಅವನಿಗೆ ಹೇಳಲಿಲ್ಲ. ಅವನು ಹೋಗಿ ಕೂತು ನೋಡಿದ, ಮಾತಾಡಿಸಿದ. ಒಂದು ವಾರ್ಡಿನಲ್ಲಿ ಮುಖ್ಯಸ್ಥೆ ತಾನೂ ಉಳಿದವರಂತೆ ಸ್ಕ್ರಬ್ಸ್ ತೊಟ್ಟು ಓಡಾಡುತ್ತಿದ್ದರು. ತಪ್ಪು ಆಗುವುದು ಸಹಜ, ಹೇಳಿದರೆ ಸರಿಮಾಡಬಹುದು ಎಂಬುದು ಅಲ್ಲಿನ ರೂಢಿ. ಇನ್ನೊಂದರಲ್ಲಿ ಮುಖ್ಯಸ್ಥೆ ಆಫೀಸಿನ ಸೂಟಿನಲ್ಲಿ ಇರುತ್ತಿದ್ದರು. ಅಲ್ಲಿ ತಪ್ಪು ಒಪ್ಪಿಕೊಂಡವರಿಗೆ ವಿಚಾರಣೆ ಎದುರಿಸಿದಂತಾಗುತ್ತಿತ್ತು. ಎಲ್ಲಿ ಜನ ಎಷ್ಟು ಮುಕ್ತವಾಗಿ ಮಾತಾಡುತ್ತಾರೆ ಎಂದು ಎಂಟು ವಾರ್ಡುಗಳನ್ನು ಅವನು ಸಾಲಾಗಿ ಪಟ್ಟಿ ಮಾಡಿಕೊಟ್ಟ. ದಾಖಲಾದ ತಪ್ಪುಗಳ ಪಟ್ಟಿಯ ಪಕ್ಕದಲ್ಲಿ ಇಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ಸಾಲು.

ತಪ್ಪು ಕಡಿಮೆ ಎಂದು ಕಂಡ ವಾರ್ಡಿನಲ್ಲಿ ತಪ್ಪುಗಳನ್ನು ಮುಚ್ಚಿಡುತ್ತಿದ್ದರು. ಈ ಸಂಗತಿ 1996ರಲ್ಲಿ ಪ್ರಕಟವಾಯಿತು. ಎಡ್ಮಂಡ್‌ಸನ್ 1999ರಲ್ಲಿ ಇದನ್ನೇ ಬೆಳೆಸಿ, ಹೆದರದೆ ಬಾಯಿ ಬಿಡಬಹುದೆಂಬ ಭರವಸೆ ತಂಡದೊಳಗೆ ಇರುವುದಕ್ಕೆ ತಂಡದ 'ಮಾನಸಿಕ ಸುರಕ್ಷತೆ' ಎಂಬ ಕಲ್ಪನೆಯನ್ನು ಮಂಡಿಸಿದರು, ಇವತ್ತು ಐಟಿ ಕಂಪನಿಗಳ ತರಬೇತಿಯಲ್ಲೆಲ್ಲ ಕೇಳಿಬರುವುದು ಅದೇ. ಅದು ಹುಟ್ಟಿದ್ದು ಔಷಧಿ ಟ್ರೇ ಹಿಡಿದ ನರ್ಸ್‌ಗಳ ನಡುವೆ ಎಂದು ಅಲ್ಲಿ ಕೂತು ಪಾಠ ಕೇಳುವವರಲ್ಲಿ ಎಷ್ಟು ಮಂದಿಗೆ ಗೊತ್ತೋ.

ಈಗ ಮತ್ತೆ ಆ ರಾತ್ರಿಯ ವಾರ್ಡಿಗೆ ಬನ್ನಿ. ನಾಡಿ 98, ಕಾಲು ತಣ್ಣಗೆ. ನರ್ಸ್‌ಗೆ ಸಮಯವಿದೆ, ಅನುಮಾನವೂ ಬಂದಿದೆ. ಆದರೆ ಕಳೆದ ವಾರ ಹೀಗೇ ಎಬ್ಬಿಸಿದ್ದಕ್ಕೆ "ಇಷ್ಟಕ್ಕೆಲ್ಲ ನನ್ನ ಕರೀತೀರಾ?" ಎಂದು ಎಲ್ಲರೆದುರು ಬೈಸಿಕೊಂಡಿದ್ದಾಳೆ. ಇನ್ನೊಂದು ಗಂಟೆ ನೋಡೋಣ ಎಂದುಕೊಳ್ಳುತ್ತಾಳೆ. ಕೆಟ್ಟ ವಾತಾವರಣದಲ್ಲಿ ಜನ ಹೆಚ್ಚಿದ್ದರೂ ಲಾಭ ಸೊನ್ನೆಯಾಗುವುದಕ್ಕೆ ಆ ಒಂದು ಗಂಟೆಯೂ ಒಂದು ಕಾರಣ ಎಂದು ನನ್ನ ಎಣಿಕೆ.

2016ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತನ್ನ 27 ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ಒಬ್ಬರಿಗೆ ನಾಲ್ಕು, ರಾತ್ರಿ ಏಳು ರೋಗಿಗಳ ಮಿತಿ ಹಾಕಿತು. ಆ ಪ್ರಯೋಗದ ಫಲ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ಸಾವು ಇಳಿಯಿತು, ಮತ್ತೆ ಮತ್ತೆ ಸೇರುವವರು ಹೆಚ್ಚಲಿಲ್ಲ, ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ತಗ್ಗಿ, ಹೆಚ್ಚುವರಿ ನರ್ಸ್‌ಗಳಿಗೆ ಖರ್ಚಾದ ಹಣದ ಸುಮಾರು ಎರಡರಷ್ಟು ಉಳಿಯಿತು.

ನಮ್ಮ ಜನರಲ್ ವಾರ್ಡುಗಳಲ್ಲಿ ರಾತ್ರಿ ಕಳೆದವರಿಗೆ ನಾಲ್ಕು, ಏಳು, ಎಂಟು ಎಂಬ ಈ ಅಂಕಿಗಳು ನಗು ತರಿಸಬಹುದು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಗೆ ಮೂರಕ್ಕೊಬ್ಬರು, ಸಾಮಾನ್ಯ ಆಸ್ಪತ್ರೆಗೆ ಐದಕ್ಕೊಬ್ಬರು ಎಂದಿದೆ. ವಾರ್ಡಿನಲ್ಲಿ ಡ್ರಿಪ್ ಮುಗಿಯಿತೇ ಎಂದು ಬಾಟಲಿ ನೋಡುತ್ತಾ ಎಚ್ಚರ ಕೂರುವವರು ಮಾತ್ರ ರೋಗಿಯ ತಂಗಿಯೋ ಅಳಿಯನೋ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಕಲಿತು ಹೊರದೇಶದ ಆಸ್ಪತ್ರೆಗಳಿಗೆ ಹೋದ ನರ್ಸ್‌ಗಳು ಅಲ್ಲಿ ಹೆಸರು ಮಾಡುವಾಗ, ಅವರೇ ಇಲ್ಲಿದ್ದಾಗ ಯಾಕೆ ಹಾಗಿರಲಿಲ್ಲ ಎಂದು ಕೇಳುವವರಿಗೆ ಮೇಲಿನ ಅಂಕಿಗಳಲ್ಲಿ ಉತ್ತರವಿದೆ.

ನಿಮ್ಮವರನ್ನು ಯಾವ ಆಸ್ಪತ್ರೆಗೆ ಸೇರಿಸುವಾಗಲೂ ಡಾಕ್ಟರ ಹೆಸರು, ರೂಮಿನ ಬಾಡಿಗೆ, ಇನ್ಶೂರೆನ್ಸ್ ನಡೆಯುತ್ತದೆಯೇ ಎಂದೆಲ್ಲ ವಿಚಾರಿಸುತ್ತೀರಿ. ಅದರ ಜೊತೆಗೆ ಇದನ್ನೂ ಕೇಳಿ: ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಪಾಲಿಗೆ ಎಷ್ಟು ಮಂದಿ ರೋಗಿಗಳು? ಉತ್ತರ ಕೊಡಲು ಕೌಂಟರಿನಲ್ಲಿ ಕೂತವರು ತಡವರಿಸಿದರೆ ಇನ್ನೊಮ್ಮೆ ಕೇಳಿ.